ಮುಖ್ಯರಸ್ತೆಗೆ ಪಾರ್ಕಿಂಗ್ ಶುಲ್ಕ, ಲೈಬ್ರರಿ ಕಂಪ್ಯೂಟರಿಗೂ ಶುಲ್ಕ: ಪುರಸಭೆಗೆ ನಾವೇನು ಹೇಳಬೇಕು?

ಕೋಟೆಬೀದಿ

ಮೊನ್ನೆ ಪುರಸಭೆಯ ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹನ್ನೊಂದಕ್ಕೆ ಅಂದಿದ್ದ ಸಭೆ ಹನ್ನೆರಡೂವರೆಗೆ ಶುರುವಾಯಿತು. ಚರಂಡಿ, ಬೀದಿದೀಪ, ನೀರಿನ ಮೋಟಾರ್ ಎಲ್ಲ ಮುಗಿದ ಮೇಲೆ ಎರಡು ವಿಷಯ ಬಂದವು.

ಒಂದು, ಬಸ್ ಸ್ಟ್ಯಾಂಡಿನಿಂದ ತಾಲ್ಲೂಕು ಕಚೇರಿವರೆಗೆ ಗಾಡಿ ನಿಲ್ಲಿಸುವುದಕ್ಕೆ ಶುಲ್ಕ. ಕಾರಿಗೆ ಗಂಟೆಗೆ 20 ರೂಪಾಯಿ, ಬೈಕಿಗೆ 5. ಇನ್ನೊಂದು, ಲೈಬ್ರರಿ ಪಕ್ಕದ ಕೊಠಡಿಯಲ್ಲಿ ಪುರಸಭೆ ಇಟ್ಟಿರುವ ನಾಲ್ಕು ಕಂಪ್ಯೂಟರ್ ಬಳಸುವುದಕ್ಕೆ ಗಂಟೆಗೆ 20 ರೂಪಾಯಿ.

ಮೊದಲನೆಯದಕ್ಕೆ ಮುಕ್ಕಾಲು ಗಂಟೆ ವಾದ ನಡೆಯಿತು. ಎರಡನೆಯದು ಎರಡೇ ನಿಮಿಷ. "ಕರೆಂಟ್ ಬಿಲ್ಲು, ಇಂಟರ್ನೆಟ್ ಬಿಲ್ಲು ಯಾರು ಕಟ್ಟೋದು?" ಅಂತ ಒಬ್ಬ ಸದಸ್ಯರು ಕೇಳಿದರು. ಉಳಿದವರು ತಲೆಯಾಡಿಸಿದರು. ಕೊನೆಗೆ ಎರಡನ್ನೂ ಮುಂದಿನ ಸಭೆಗೆ ಹಾಕಿದರು.

ನನಗೆ ಮನಸ್ಸಿಗೆ ಹತ್ತಿದ್ದು ಆ ಎರಡು 20 ರೂಪಾಯಿ. ಮುಖ್ಯರಸ್ತೆಯಲ್ಲಿ ಒಂದು ಕಾರು ಹಿಡಿಯುವ ಜಾಗಕ್ಕೂ ಒಂದು ಮಗು ಕಂಪ್ಯೂಟರ್ ಮುಂದೆ ಕೂರುವುದಕ್ಕೂ ಒಂದೇ ಬೆಲೆ. ಇದು ಸರಿಯಲ್ಲ ಅನ್ನಿಸಿತು. ನನ್ನ ಸಲಹೆ ಇಷ್ಟು: ಪಾರ್ಕಿಂಗ್ ಶುಲ್ಕ ಹಾಕಲಿ, ಆ ದುಡ್ಡಿನಲ್ಲಿ ಕಂಪ್ಯೂಟರ್ ಕೊಠಡಿ ನಡೆಸಲಿ, ಮಕ್ಕಳಿಗೆ ಪುಕ್ಕಟೆ ಬಿಡಲಿ. ನೀವೆಲ್ಲ ಏನಂತೀರಿ? ಮುಂದಿನ ಸಭೆಗೆ ಮೊದಲು ಒಂದು ಅರ್ಜಿ ಕೊಡೋಣ ಅಂತಿದ್ದೇನೆ.

ಕಿರಾಣಿ ಗಲ್ಲಾ

ಕೋಟೆಬೀದಿ ಅವರೇ, ನಿಮ್ಮ ಮಾತು ಕೇಳೋಕೆ ಚೆನ್ನಾಗಿದೆ. ಆದರೆ ಮುಖ್ಯರಸ್ತೆಯಲ್ಲಿ ಅಂಗಡಿ ಇಟ್ಟಿರುವವನು ನಾನು. ನನ್ನ ಹತ್ತಿರ ಬರುವವರು ಯಾರು? ಸುತ್ತಲ ಹಳ್ಳಿಯವರು. ಒಂದು ಪ್ಯಾಕೆಟ್ ಎಣ್ಣೆ, ಎರಡು ಕೆಜಿ ಸಕ್ಕರೆ, ಒಂದಿಷ್ಟು ಬೇಳೆ ತೆಗೆದುಕೊಂಡು ಹೋಗುವವರು. ಅದರಲ್ಲಿ ನನಗೆ ಉಳಿಯುವುದೇ ಹತ್ತು ಹದಿನೈದು ರೂಪಾಯಿ. ಅವರು ಪಾರ್ಕಿಂಗಿಗೆ ಐದು ಕೊಟ್ಟು ಯಾಕೆ ಬರುತ್ತಾರೆ? ಬೈಪಾಸಿನಲ್ಲಿ ದೊಡ್ಡ ಮಾರ್ಟ್ ಬಂದಿದೆ. ಅಲ್ಲಿ ಬೇಕಾದಷ್ಟು ಜಾಗ, ಶುಲ್ಕ ಇಲ್ಲ.

ಇನ್ನೊಂದು ಮಾತು. ಹಿಂದೆ ಒಂದು ಸಲ ಸಂತೆ ದಿನ ಪಾರ್ಕಿಂಗ್ ವಸೂಲಿಯನ್ನು ಗುತ್ತಿಗೆಗೆ ಕೊಟ್ಟಿದ್ದರು, ನೆನಪಿದೆಯಾ? ಚೀಟಿ ಹರಿಯುತ್ತಿದ್ದ ಹುಡುಗರು ನಿಂತ ಗಾಡಿಗೂ ಕೇಳಿದರು, ನಿಲ್ಲಿಸದೆ ಹೋಗುವ ಗಾಡಿಗೂ ಅಡ್ಡ ಹಾಕಿದರು. ನನ್ನ ಅಂಗಡಿ ಮುಂದೆ ಒಬ್ಬರು ತಮ್ಮ ತಾಯಿಯನ್ನು ಆಸ್ಪತ್ರೆಗೆ ಇಳಿಸೋಕೆ ಆಟೋದಿಂದ ಕೈ ಹಿಡಿದು ಇಳಿಸುತ್ತಿದ್ದರು. ಅವರ ಹತ್ತಿರವೂ ಚೀಟಿ ಹಿಡಿದು ನಿಂತರು. ಆ ಚೀಟಿ ಇನ್ನೂ ನನ್ನ ಗಲ್ಲಾದಲ್ಲಿದೆ. ಗುಲಾಬಿ ಬಣ್ಣದ ಚೂರು ಕಾಗದ. ಮೇಲೆ ನೀಲಿ ರಬ್ಬರ್ ಸ್ಟಾಂಪಿನಲ್ಲಿ "10" ಅಂತ. ನಂಬರ್ ಇಲ್ಲ, ತಾರೀಕು ಇಲ್ಲ, ಗುತ್ತಿಗೆದಾರನ ಹೆಸರಿಲ್ಲ, ಪುರಸಭೆಯ ಹೆಸರೂ ಇಲ್ಲ. ಆ ದುಡ್ಡು ಎಲ್ಲಿಗೆ ಹೋಯಿತು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಆ ಥರದ ವಸೂಲಿಯಿಂದ ಮಕ್ಕಳಿಗೆ ಕಂಪ್ಯೂಟರ್ ಬರುತ್ತೆ ಅಂದರೆ ನಾನು ನಂಬಲಾರೆ.

ಸಂತೆಮಾಳ

ಗಲ್ಲಾ ಅಣ್ಣ, ಚೀಟಿ ವಿಷಯ ನೀವು ಹೇಳಿದ್ದು ನಿಜ. ನಾವೂ ಕಂಡಿದ್ದೇವೆ. ಆದರೆ ಒಂದು ಮಾತು ಕೇಳಿ.

ನಮ್ಮಮ್ಮ ಇಪ್ಪತ್ತು ವರ್ಷದಿಂದ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಒಂದು ಗೋಣಿಚೀಲ ಹಾಸಿ ಕೂರುತ್ತಾರೆ. ಉದ್ದ ನಾಲ್ಕು ಅಡಿ, ಅಗಲ ಮೂರು ಅಡಿ ಇರಬಹುದು. ಅಷ್ಟು ಜಾಗಕ್ಕೆ ಪ್ರತಿ ಸಂತೆಗೂ ನೆಲವಳಿ ಕಟ್ಟುತ್ತಾರೆ. ಮಳೆ ಬಂದು ಸೊಪ್ಪು ಕೊಳೆತ ದಿನವೂ ಕಟ್ಟುತ್ತಾರೆ. ವ್ಯಾಪಾರ ಆಗಲಿಲ್ಲ ಅಂದರೆ ನೆಲವಳಿಯವನು ಕೇಳುವುದಿಲ್ಲ.

ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು ಅಂತ ಲೆಕ್ಕ. ಅಂದರೆ ಸುಮಾರು 135 ಚದರ ಅಡಿ. ನಮ್ಮಮ್ಮನಂಥ ಹತ್ತು ಜನ ಕೂರಬಹುದು ಅಲ್ಲಿ. ಆ ಜಾಗದಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತ ಕಾರು ಸಂಜೆ ಏಳಕ್ಕೆ ತೆಗೆಯುತ್ತಾರೆ. ಪುಕ್ಕಟೆ. ಸೊಪ್ಪಿನ ಬುಟ್ಟಿಗೆ ನೆಲದ ಬಾಡಿಗೆ ಇದೆ, ಕಾರಿಗೆ ಇಲ್ಲ. ಇದನ್ನು ಯಾವ ಸಭೆಯಲ್ಲೂ ಯಾರೂ ಮಾತಾಡಿದ್ದು ನಾನು ಕೇಳಿಲ್ಲ.

ಕಿರಾಣಿ ಗಲ್ಲಾ

ತಂಗಿ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮಮ್ಮನ ಹತ್ತಿರ ನಾನೇ ಸೊಪ್ಪು ತೆಗೆದುಕೊಳ್ಳುತ್ತೇನೆ. ಬೆಳಗ್ಗೆಯಿಂದ ಸಂಜೆವರೆಗೆ ನಿಲ್ಲುವ ಕಾರು ಯಾರದು ಅಂತಲೂ ಹೇಳಿಬಿಡುತ್ತೇನೆ. ಅರ್ಧ ನಮ್ಮ ಅಂಗಡಿಯವರದೇ. ಇನ್ನರ್ಧ ಕಚೇರಿ, ಬ್ಯಾಂಕಿಗೆ ಬರುವವರದು. ಗಿರಾಕಿಯ ಗಾಡಿ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ.

ಟೆಂಪೋ ಸ್ಟ್ಯಾಂಡ್

ಅದೇ ತಾನೇ ನಾವು ಹೇಳ್ತಾ ಇರೋದು! ಲೋಡ್ ಇಳಿಸೋಕೆ ಜಾಗ ಸಿಗಲ್ಲ. ರಸ್ತೆ ಮಧ್ಯ ನಿಲ್ಲಿಸಿ ಮೂಟೆ ಇಳಿಸಿದರೆ ಪೊಲೀಸರು ಬಂದು ದಂಡ ಹಾಕುತ್ತಾರೆ. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಲೋಡ್ ಗಾಡಿಗೆ ಅಂತ ಜಾಗ ಬಿಟ್ಟುಕೊಟ್ಟರೆ ನಾವು ಶುಲ್ಕ ಕಟ್ಟೋಕೂ ತಯಾರು. ಅದನ್ನೂ ಅರ್ಜಿಯಲ್ಲಿ ಸೇರಿಸಿ.

ಪುಸ್ತಕದ ಮನೆ

ನಾನು ಮೂವತ್ತು ವರ್ಷ ಗ್ರಂಥಾಲಯದ ಕೆಲಸದಲ್ಲಿದ್ದು ನಿವೃತ್ತನಾದವನು. ಕಂಪ್ಯೂಟರ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಮೊದಲು ಬಿಡಿಸಬೇಕು.

ಕೋಟೆಬೀದಿ ಅವರೇ, ನೀವು ಪಾರ್ಕಿಂಗ್ ದುಡ್ಡಿನಿಂದ ಕಂಪ್ಯೂಟರ್ ನಡೆಸಿ ಅಂತೀರಿ. ನಾನು ಕೇಳುವುದು, ಲೈಬ್ರರಿಗೆ ಅಂತ ನೀವು ಈಗಾಗಲೇ ಕಟ್ಟುತ್ತಿರುವ ದುಡ್ಡು ಎಲ್ಲಿ? ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರ ಇವುಗಳ ಜೊತೆಗೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ. ನೀವು 2,000 ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ 120 ರೂಪಾಯಿ ಲೈಬ್ರರಿಗೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅಷ್ಟು ಹಳೆಯ ಕರ.

ಇದನ್ನು ವಸೂಲಿ ಮಾಡುವುದು ಪುರಸಭೆ, ನಗರಸಭೆ, ಪಾಲಿಕೆ. ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು. ಕೊಡುವುದರಲ್ಲಿ ತಡ ಆಗುತ್ತದೆ. ಬೆಂಗಳೂರಿನಲ್ಲಿ ಪಾಲಿಕೆ ಉಳಿಸಿಕೊಂಡ ಬಾಕಿ ಎಷ್ಟೋ ಕೋಟಿ ಅಂತ ಪೇಪರಿನಲ್ಲಿ ಎಷ್ಟು ಸಲ ಬಂದಿಲ್ಲ? ನಾನು ಕೆಲಸ ಮಾಡಿದ ಊರೊಂದರಲ್ಲಿ, ಹೆಸರು ಬೇಡ, ಕರದ ದುಡ್ಡು ಬರಲಿಲ್ಲ ಅಂತ ನಾವು ಎರಡು ದಿನಪತ್ರಿಕೆ ನಿಲ್ಲಿಸಬೇಕಾಯಿತು. ಬೆಳಗ್ಗೆ ಎಂಟಕ್ಕೆ ಬಂದು ಪೇಪರಿಗೆ ಕಾಯುವ ಹಿರಿಯರಿಗೆ "ನಾಳೆಯಿಂದ ಬರಲ್ಲ ಯಜಮಾನರೇ" ಅಂತ ಹೇಳುವುದು ನನ್ನ ಪಾಲಿಗೆ ಬಂತು.

ಈಗ ಅದೇ ಕಂಪ್ಯೂಟರಿಗೆ ಗಂಟೆಗೆ 20 ರೂಪಾಯಿ ಅಂದರೆ ಒಂದು ಸೇವೆಗೆ ಎರಡು ಸಲ ದುಡ್ಡು ಕೇಳಿದಂತೆ. ಪಾರ್ಕಿಂಗ್ ದುಡ್ಡನ್ನು ಇಲ್ಲಿಗೆ ತರಬೇಡಿ. ಲೈಬ್ರರಿಯ ದುಡ್ಡು ಲೈಬ್ರರಿಗೆ ಬರಲಿ, ಸಾಕು.

ಪಿಯುಸಿ ಅಕ್ಕ

ಸಾರ್, ಕಂಪ್ಯೂಟರ್ ಮಕ್ಕಳಿಗೆ ಯಾಕೆ ಬೇಕು, ಮೊಬೈಲ್ ಇದೆಯಲ್ಲ ಅಂತ ಆ ಸಭೆಯಲ್ಲಿ ಯಾರೋ ಅಂದರಂತೆ. ಅವರಿಗೆ ಇದನ್ನು ಓದಿ ಹೇಳಿ.

ಹೋದ ವರ್ಷ ನನ್ನ ಸಿಇಟಿ ಆಪ್ಷನ್ ಎಂಟ್ರಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮಗೆ ಯಾವ ಕಾಲೇಜು, ಯಾವ ಕೋರ್ಸ್ ಬೇಕು ಅಂತ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಒಂದೊಂದಾಗಿ ಆಯ್ದು ಸಾಲಾಗಿ ಜೋಡಿಸಬೇಕು. ನಾನು ನೋಟ್‌ಬುಕ್ಕಿನಲ್ಲಿ ಎಪ್ಪತ್ತೆರಡು ಬರೆದುಕೊಂಡಿದ್ದೆ. ಮೇಲೆ ಇರುವುದು ಮೊದಲು ಸಿಗುತ್ತದೆ. ಹಾಗಾಗಿ ಸಾಲಿನ ಕ್ರಮ ತಪ್ಪಿದರೆ ಮುಂದಿನ ನಾಲ್ಕು ವರ್ಷ ತಪ್ಪುತ್ತದೆ. ಅಪ್ಪನ ಮೊಬೈಲಿನಲ್ಲಿ ಪ್ರಯತ್ನ ಮಾಡಿದೆ. ಸ್ಕ್ರೀನ್ ಚಿಕ್ಕದು, ಗಾಜು ಒಡೆದಿತ್ತು, ಕೋರ್ಸಿನ ಹೆಸರು ಅರ್ಧಕ್ಕೆ ಕಾಣುತ್ತಿತ್ತು. ಆರು ಹಾಕುವಷ್ಟರಲ್ಲಿ ಲಾಗೌಟ್ ಆಯಿತು.

ಸೈಬರಿಗೆ ಹೋದೆ. ಸಂಜೆ ಆರಕ್ಕೆ ಹೋದವಳಿಗೆ ಎಂಟೂವರೆಗೆ ಪಾಳಿ ಬಂತು. ನನ್ನ ಹಿಂದೆ ಹದಿನಾಲ್ಕು ಜನ. ಅಣ್ಣ ಟೈಪ್ ಮಾಡುತ್ತಿದ್ದರು, ನಾನು ನೋಟ್‌ಬುಕ್ ಹಿಡಿದು ಓದುತ್ತಿದ್ದೆ. ಮೂವತ್ತರ ಹತ್ತಿರ ಬಂದಾಗ ಎರಡು ಕಾಲೇಜಿನ ಕೋಡ್ ಅದಲುಬದಲಾಯಿತು ಅಂತ ಅನ್ನಿಸಿತು. ಮತ್ತೆ ಮೇಲಿಂದ ನೋಡೋಣ ಅಂದೆ. ಹಿಂದಿನಿಂದ ಒಬ್ಬರು "ಬೇಗ ಮುಗಿಸಮ್ಮ, ಕೊನೇ ಬಸ್ಸು ಹೋಗುತ್ತೆ" ಅಂದರು. ನಾನು ಸುಮ್ಮನಾದೆ. ಮನೆಗೆ ಬಂದು ಪ್ರಿಂಟ್ ತೆಗೆದು ನೋಡಿದರೆ ನಿಜವಾಗಿಯೂ ತಪ್ಪಿತ್ತು. ಮರುದಿನ ಮತ್ತೆ ಹೋಗಿ, ಮತ್ತೆ ಕಾದು, ಮತ್ತೆ ದುಡ್ಡು ಕೊಟ್ಟು ಸರಿ ಮಾಡಿಸಿದೆ. ಎರಡು ದಿನಕ್ಕೆ 250 ರೂಪಾಯಿ ಆಯಿತು. ಅಪ್ಪನ ಅರ್ಧ ದಿನದ ಕೂಲಿ.

ಆ ದಿನ ನನಗೆ ಒಂದು ಖುರ್ಚಿ, ಒಂದು ದೊಡ್ಡ ಸ್ಕ್ರೀನ್, ಯಾರೂ ಅವಸರ ಮಾಡದ ಎರಡು ಗಂಟೆ ಸಿಕ್ಕಿದ್ದರೆ ಸಾಕಿತ್ತು. ಲೈಬ್ರರಿ ಪಕ್ಕದ ಆ ಕೊಠಡಿಗೆ ಆಗಲೂ ಬೀಗ ಹಾಕಿತ್ತು. ಕಿಟಕಿಯಿಂದ ನೋಡಿದೆ. ನಾಲ್ಕು ಮಾನಿಟರ್ ಮೇಲೆ ಹಳೇ ಸೀರೆ ತುಂಡು ಹೊದಿಸಿದ್ದರು.

ಕೋಟೆಬೀದಿ

ತಂಗಿ, ಇದನ್ನು ಅರ್ಜಿಯ ಮೊದಲ ಪುಟಕ್ಕೇ ಹಾಕೋಣ, ನೀನು ಒಪ್ಪಿದರೆ. ಹೆಸರು ಬೇಡ.

ಸೈಬರ್ ಅಂಗಡಿ

ನಾನು ಇದೇ ಊರಿನಲ್ಲಿ ಸೈಬರ್ ನಡೆಸುತ್ತೇನೆ. ಆ ಮಗು ಬಂದಿದ್ದು ನನ್ನ ಅಂಗಡಿಗೋ ಇನ್ನೊಂದಕ್ಕೋ ಗೊತ್ತಿಲ್ಲ. ಸೀಸನ್‌ನಲ್ಲಿ ಎಲ್ಲ ಕಡೆ ಹೀಗೇ ಆಗುತ್ತದೆ.

ಲೈಬ್ರರಿಯಲ್ಲಿ ಪುಕ್ಕಟೆ ಕಂಪ್ಯೂಟರ್ ಬಂದರೆ ನನ್ನ ಹೊಟ್ಟೆಗೆ ಕಲ್ಲು ಬೀಳುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಹತ್ತಿರ ಜನ ಬರುವುದು ಕಂಪ್ಯೂಟರಿಗೆ ಅಲ್ಲ, ಅರ್ಜಿ ತುಂಬಿಸುವುದಕ್ಕೆ. 2023ರಲ್ಲಿ ಗೃಹಲಕ್ಷ್ಮಿ ಶುರುವಾದಾಗ ಎಷ್ಟು ಅಜ್ಜಿಯರು ಬಂದರು ಗೊತ್ತಾ? ನೋಂದಣಿ ನಮ್ಮಲ್ಲಿ ಇಲ್ಲಮ್ಮ, ಗ್ರಾಮ ಒನ್‌ಗೆ ಇಲ್ಲ ಬಾಪೂಜಿ ಸೇವಾ ಕೇಂದ್ರಕ್ಕೆ ಹೋಗಿ, ಅದು ಉಚಿತ ಅಂತ ಹೇಳಿ ಕಳಿಸಿದೆ. ಆಮೇಲೆ ಅವರೇ ವಾಪಸ್ ಬಂದರು. ಆಧಾರ್‌ಗೆ ಬ್ಯಾಂಕ್ ಖಾತೆ ಲಿಂಕ್ ಆಗಿಲ್ಲ, ರೇಷನ್ ಕಾರ್ಡಿನಲ್ಲಿ ಹೆಸರು ಬೇರೆ, ನೋಡಿ ಹೇಳಪ್ಪ ಅಂತ. ಅವರಿಗೆ ಬರೀ ಕಂಪ್ಯೂಟರ್ ಕೊಟ್ಟರೆ ಏನು ಮಾಡುತ್ತಾರೆ? ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬರು ಬೇಕು.

ನಾಲ್ಕು ಕಂಪ್ಯೂಟರ್ ಇಟ್ಟು ಬೀಗ ಹಾಕಿದ್ದಾರಲ್ಲ, ಅದಕ್ಕೆ ಕಾರಣ ಕರೆಂಟ್ ಬಿಲ್ಲಲ್ಲ. ನಾನು ನಾಲ್ಕು ಮೆಷಿನ್ ಇಟ್ಟುಕೊಂಡಿದ್ದೇನೆ, ನನಗೆ ಗೊತ್ತು. ಕರೆಂಟು, ಇಂಟರ್ನೆಟ್ ಅಂತ ದೊಡ್ಡ ಖರ್ಚಲ್ಲ. ಖರ್ಚು ಇರುವುದು ಕೂರುವ ಮನುಷ್ಯನಿಗೆ, ಯುಪಿಎಸ್ ಬ್ಯಾಟರಿಗೆ, ಕೆಟ್ಟರೆ ರಿಪೇರಿಗೆ. ಬೀಗ ತೆಗೆಯುವವರು ಯಾರು ಅಂತ ಯಾರೂ ತೀರ್ಮಾನ ಮಾಡಲಿಲ್ಲ, ಅದಕ್ಕೇ ಮುಚ್ಚಿದೆ. ಗಂಟೆಗೆ 20 ಅಲ್ಲ, 50 ಇಟ್ಟರೂ ಬೀಗ ತಾನಾಗಿ ತೆಗೆಯುವುದಿಲ್ಲ.

ಪ್ರಿಂಟಿಗೆ ಮಾತ್ರ ಪುಟಕ್ಕೆ ಇಷ್ಟು ಅಂತ ತೆಗೆದುಕೊಳ್ಳಲಿ. ಟೋನರ್ ಬೆಲೆ ಸುಮ್ನೆ ಅಲ್ಲ.

ಹೊಳೆದಂಡೆ ಪಂಚಾಯಿತಿ

ನಾವು ಊರಿಂದ ಆರು ಕಿಲೋಮೀಟರ್ ಆಚೆ, ಗ್ರಾಮ ಪಂಚಾಯಿತಿ. ನಿಮಗೆ ಆಶ್ಚರ್ಯ ಆಗಬಹುದು, ನಮ್ಮ ಅರಿವು ಕೇಂದ್ರದಲ್ಲಿ, ಅಂದರೆ ಪಂಚಾಯಿತಿ ಲೈಬ್ರರಿಯಲ್ಲಿ, ಮಕ್ಕಳು ಕಂಪ್ಯೂಟರನ್ನು ಪುಕ್ಕಟೆ ಬಳಸುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗ ಮಾಡಿದರು. 2020ರಲ್ಲಿ 'ಓದುವ ಬೆಳಕು' ಅಂತ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಆಮೇಲೆ ಬಣ್ಣ ಬಂತು, ರ‍್ಯಾಂಪ್ ಬಂತು, ಕಂಪ್ಯೂಟರ್ ಬಂತು.

ಎಲ್ಲ ಪಂಚಾಯಿತಿಯಲ್ಲೂ ಹೀಗೇ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮಲ್ಲಿ ಮೇಲ್ವಿಚಾರಕಿ ಮೇಡಂ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದಾರೆ. ಹೆಸರು, ಬಂದ ಹೊತ್ತು, ಹೋದ ಹೊತ್ತು. ಒಬ್ಬರಿಗೆ ಮುಕ್ಕಾಲು ಗಂಟೆ. ಪರೀಕ್ಷೆ, ಅರ್ಜಿ ಇದ್ದವರಿಗೆ ಮೊದಲು. ಹೋದ ತಿಂಗಳು ನಿಮ್ಮ ಊರಿನ ಇಬ್ಬರು ಹುಡುಗರು ಬೈಕಿನಲ್ಲಿ ನಮ್ಮಲ್ಲಿಗೆ ಬಂದು ಸ್ಕಾಲರ್‌ಶಿಪ್ ಅರ್ಜಿ ಹಾಕಿಕೊಂಡು ಹೋದರು. ಪಟ್ಟಣದ ಮಕ್ಕಳು ಕಂಪ್ಯೂಟರಿಗೆ ಹಳ್ಳಿಗೆ ಬರುತ್ತಾರೆ ಅಂದರೆ ಪುರಸಭೆಯವರು ಯೋಚನೆ ಮಾಡಬೇಕು.

ಪುಸ್ತಕದ ಮನೆ

ಅದಕ್ಕೆ ಒಂದು ಹಿನ್ನೆಲೆ ಇದೆ. ಪಂಚಾಯಿತಿಗಳಿಗೆ ಯಾವ ಯಾವ ಕೆಲಸ ಅಂತ ಸಂವಿಧಾನದ 11ನೇ ಅನುಸೂಚಿಯಲ್ಲಿ 29 ವಿಷಯ ಇವೆ. ಅದರಲ್ಲಿ 20ನೆಯದು ಗ್ರಂಥಾಲಯ. ನಗರ ಸಂಸ್ಥೆಗಳಿಗೆ 12ನೇ ಅನುಸೂಚಿ, 18 ವಿಷಯ. ಅದರಲ್ಲಿ 17ನೆಯದರಲ್ಲಿ ಬೀದಿದೀಪ, ಬಸ್ ನಿಲ್ದಾಣದ ಜೊತೆಗೆ ವಾಹನ ನಿಲುಗಡೆ ಜಾಗ ಅಂತ ಬರೆದಿದೆ. ಗ್ರಂಥಾಲಯ ಅನ್ನುವ ಪದ ಆ ಪಟ್ಟಿಯಲ್ಲಿ ಇಲ್ಲ. ಅದಕ್ಕೇ ಪುರಸಭೆಯವರು ಪಾರ್ಕಿಂಗ್ ನಮ್ಮದು, ಲೈಬ್ರರಿ ಇಲಾಖೆಯದು ಅನ್ನುತ್ತಾರೆ. ಇಲಾಖೆಯವರನ್ನು ಕೇಳಿದರೆ ಕೊಠಡಿ ಪುರಸಭೆಯದು, ಕಂಪ್ಯೂಟರ್ ಪುರಸಭೆಯದು ಅನ್ನುತ್ತಾರೆ. ಬೀಗದ ಕೈ ಇಬ್ಬರ ನಡುವೆ ಸಿಕ್ಕಿಕೊಂಡಿದೆ.

ಹಾಗಂತ ಪುರಸಭೆ ಮಾಡಬಾರದು ಅಂತೇನಿಲ್ಲ. ಶಿಕ್ಷಣ, ಸಂಸ್ಕೃತಿಯನ್ನು ಬೆಳೆಸುವ ಕೆಲಸವೂ ಅದೇ 12ನೇ ಅನುಸೂಚಿಯಲ್ಲಿ ಇದೆ.

ದೂರದ ಊರು

ನಾನು ಹುಟ್ಟಿದ್ದು ಈ ಊರಿನ ಪೇಟೆಬೀದಿಯಲ್ಲಿ. ಈಗ ಹದಿನೈದು ವರ್ಷದಿಂದ ಇಂಗ್ಲೆಂಡಿನಲ್ಲಿ ಇದ್ದೇನೆ. ಇಲ್ಲಿಯ ಊರುಗಳಲ್ಲೂ ಕೌನ್ಸಿಲ್ ಸಭೆ ಅಂದರೆ ಪಾರ್ಕಿಂಗ್ ಮತ್ತು ಲೈಬ್ರರಿ ಇವೆರಡಕ್ಕೇ ಜಾಸ್ತಿ ಜಗಳ. ನಿಮ್ಮ ಮಾತುಕತೆಗೆ ಉಪಯೋಗ ಆಗಬಹುದು ಅಂತ ಎರಡು ವಿಷಯ ಹೇಳುತ್ತೇನೆ.

ಲಂಡನ್ನಿನ ಬಾರ್ನೆಟ್ ಅನ್ನುವ ಭಾಗದ ಕೌನ್ಸಿಲ್ 2011ರಲ್ಲಿ ಮನೆ ಮುಂದೆ ಕಾರು ನಿಲ್ಲಿಸುವ ಪರ್ಮಿಟ್ಟನ್ನು ವರ್ಷಕ್ಕೆ 40 ಪೌಂಡಿನಿಂದ 100 ಪೌಂಡಿಗೆ ಏರಿಸಿತು. ನೆಂಟರು ಬಂದರೆ ಕೊಡುವ ಚೀಟಿಯನ್ನು 1 ಪೌಂಡಿನಿಂದ 4 ಪೌಂಡಿಗೆ. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿ 1984ರ ಒಂದು ರಸ್ತೆ ಸಂಚಾರ ಕಾಯ್ದೆ ಇದೆ. ಅದರ ಪ್ರಕಾರ ಪಾರ್ಕಿಂಗ್ ಶುಲ್ಕ ಇರುವುದು ಸಂಚಾರ, ನಿಲುಗಡೆ ಸರಿಯಾಗಿ ನಡೆಯಲಿ ಅಂತ. ಕೌನ್ಸಿಲ್ಲಿನ ಬೊಕ್ಕಸ ತುಂಬಿಸಿಕೊಳ್ಳುವುದಕ್ಕೆ ಅದನ್ನು ಬಳಸುವ ಹಾಗಿಲ್ಲ. ರಸ್ತೆ ಪಾರ್ಕಿಂಗಿನಲ್ಲಿ ಉಳಿದ ದುಡ್ಡನ್ನೂ ರಸ್ತೆ, ಬಸ್ಸು, ನಿಲುಗಡೆ ಇಂಥದ್ದಕ್ಕೇ ಖರ್ಚು ಮಾಡಬೇಕು. ಹಾಗಾಗಿ ಕೋಟೆಬೀದಿ ಅವರು ಹೇಳಿದಂತೆ ಪಾರ್ಕಿಂಗ್ ದುಡ್ಡನ್ನು ಲೈಬ್ರರಿಗೆ ಕೊಡುವುದು ಇಲ್ಲಿ ಸುಲಭ ಇಲ್ಲ. ನಮ್ಮ ದೇಶದ ಕಾನೂನು ಬೇರೆ, ಒಪ್ಪುತ್ತೇನೆ. ಆದರೆ ಹಿಂದಿರುವ ಯೋಚನೆ ನನಗೆ ಹಿಡಿಸಿತು. ದುಡ್ಡು ಬರುತ್ತೆ ಅಂತ ಗೊತ್ತಾದರೆ ಆಡಳಿತ ದುಡ್ಡಿಗಾಗಿಯೇ ಶುಲ್ಕ ಏರಿಸುತ್ತಾ ಹೋಗುತ್ತದೆ. ಮಕ್ಕಳ ಹೆಸರು ಹೇಳಿ ಏರಿಸುವುದು ಇನ್ನೂ ಸುಲಭ.

ಎರಡನೆಯದು ಕಂಪ್ಯೂಟರ್. 2002ರ ಕೊನೆಯ ಹೊತ್ತಿಗೆ ಇಲ್ಲಿ 4,000ಕ್ಕೂ ಹೆಚ್ಚು ಲೈಬ್ರರಿಗಳಿಗೆ ಸುಮಾರು 30,000 ಕಂಪ್ಯೂಟರ್ ಹಾಕಿದರು. ದುಡ್ಡು ಲಾಟರಿ ನಿಧಿಯದು, 100 ಮಿಲಿಯನ್ ಪೌಂಡ್. ಆಮೇಲೆ ಕೌನ್ಸಿಲ್ಲುಗಳ ಅನುದಾನ ಕಡಿಮೆ ಆಯಿತು. ಕೆಲವು ಕಡೆ ಮೊದಲ ಒಂದು ಗಂಟೆ ಉಚಿತ, ಆಮೇಲೆ ಶುಲ್ಕ ಅಂತ ಮಾಡಿದರು. ಅದೇ ಹೊತ್ತಿಗೆ, 2013ರಿಂದ, ಬಡವರಿಗೆ ಸಿಗುವ ಸರ್ಕಾರದ ಸಹಾಯಧನದ ಅರ್ಜಿಯನ್ನು ಆನ್‌ಲೈನ್ ಮಾಡಿಬಿಟ್ಟರು. ಕೆಲಸ ಕಳೆದುಕೊಂಡವರು, ಮನೆಯಲ್ಲಿ ಇಂಟರ್ನೆಟ್ ಇಲ್ಲದವರು ಲೈಬ್ರರಿಗೇ ಬರಬೇಕಾಯಿತು. ನಾನು ಮಗಳನ್ನು ಕರೆದುಕೊಂಡು ಶನಿವಾರ ಲೈಬ್ರರಿಗೆ ಹೋದಾಗ ನೋಡಿದ್ದೇನೆ. ಒಬ್ಬರು ಹಿರಿಯರು ಅರ್ಜಿ ಮುಕ್ಕಾಲು ತುಂಬಿದ್ದರು, ಗಂಟೆ ಮುಗಿಯಿತು ಅಂತ ಸ್ಕ್ರೀನ್ ಮುಚ್ಚಿಹೋಯಿತು. ಅವರು ಕೋಟಿನ ಜೇಬಿನಲ್ಲಿ ಚಿಲ್ಲರೆ ಹುಡುಕುತ್ತಿದ್ದರು. ಲೈಬ್ರರಿಯವರು ಬಂದು ತಮ್ಮ ಕಾರ್ಡ್ ಹಾಕಿ ಮತ್ತೆ ತೆರೆದುಕೊಟ್ಟರು.

ಸರ್ಕಾರದ ಬಾಗಿಲೇ ಕಂಪ್ಯೂಟರ್ ಒಳಗೆ ಹೋದ ಮೇಲೆ ಕಂಪ್ಯೂಟರಿಗೆ ಶುಲ್ಕ ಇಡುವುದು ಕಚೇರಿ ಬಾಗಿಲಲ್ಲಿ ಟಿಕೆಟ್ ಇಟ್ಟ ಹಾಗೆ.

ಕೋಟೆಬೀದಿ

ದೂರದ ಊರಿನವರೇ, ಪುಸ್ತಕದ ಮನೆ ಸಾರ್, ನೀವಿಬ್ಬರೂ ಹೇಳಿದ್ದು ಓದಿ ರಾತ್ರಿ ಯೋಚನೆ ಮಾಡಿದೆ. ನನ್ನ ಸಲಹೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಎರಡನ್ನೂ ಗಂಟು ಹಾಕಿದ್ದು ನನ್ನ ತಪ್ಪು. ಪಾರ್ಕಿಂಗ್ ವಸೂಲಿ ಒಂದು ವರ್ಷ ನಿಂತುಹೋದರೆ ಕಂಪ್ಯೂಟರ್ ಕೊಠಡಿಯೂ ಮುಚ್ಚಬೇಕಾಗುತ್ತದೆ. ಕಂಪ್ಯೂಟರಿನ ಪಾಲು ನಾವು ಕಂದಾಯದ ಜೊತೆ ಕಟ್ಟಿ ಆಗಿದೆ. ಅದನ್ನು ಕೇಳುವುದು ನಮ್ಮ ಹಕ್ಕು.

ನನ್ನ ಮನೆ ರಸೀದಿ ತೆಗೆದು ನೋಡಿದೆ. ಇಷ್ಟು ವರ್ಷ ಕಟ್ಟಿದ್ದೇನೆ, ಒಂದು ದಿನವೂ ಆ ಸಾಲನ್ನು ಓದಿರಲಿಲ್ಲ.

ಕಣ್ಣಿಲ್ಲದ ಗೆಳೆಯನ ಪರವಾಗಿ

ಒಂದು ಸಣ್ಣ ಕೋರಿಕೆ. ಆ ನಾಲ್ಕರಲ್ಲಿ ಒಂದು ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಸಿ. ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ, ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಒಂದು ಹೆಡ್‌ಫೋನ್ ಸಾಕು. ನನ್ನ ಗೆಳೆಯ ಡಿಗ್ರಿ ಮುಗಿಸಿದ್ದಾನೆ, ಪರೀಕ್ಷೆಗೆ ಓದುತ್ತಿದ್ದಾನೆ. ಇದಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ಮತ್ತೆ ಪಾರ್ಕಿಂಗ್ ಗುರುತು ಹಾಕುವಾಗ ಲೈಬ್ರರಿ ಮೆಟ್ಟಿಲ ಮುಂದೆ ಗಾಡಿ ನಿಲ್ಲಿಸದ ಹಾಗೆ ಮಾಡಿ. ಬೈಕಿನ ಹ್ಯಾಂಡಲ್ ಅವನ ಎದೆಗೆ ಎಷ್ಟು ಸಲ ತಾಗಿದೆಯೋ.

ಮೈಸೂರಿನ ಅಳಿಯ

ಪಾರ್ಕಿಂಗ್ ವಿಷಯದಲ್ಲಿ ದೊಡ್ಡ ಊರುಗಳ ತಪ್ಪನ್ನು ನೋಡಿ ಕಲಿಯಬೇಕು. ಶುಲ್ಕ ಬೇಡ, ದೊಡ್ಡ ಕಟ್ಟಡ ಕಟ್ಟಿ ಗಾಡಿಗಳನ್ನೆಲ್ಲ ಅಲ್ಲಿ ನಿಲ್ಲಿಸೋಣ ಅಂತ ನಿಮ್ಮ ಸಭೆಯಲ್ಲೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೈಸೂರಿನ ಪುರಭವನದ ಆವರಣದಲ್ಲಿ ನೆಲದಡಿ ಪಾರ್ಕಿಂಗ್ ಕಟ್ಟುವ ಕೆಲಸ ಹತ್ತು ವರ್ಷಕ್ಕೂ ಮೀರಿ ಎಳೆದಾಡಿತು. ಅಷ್ಟು ವರ್ಷವೂ ದೇವರಾಜ ಅರಸು ರಸ್ತೆಯಲ್ಲಿ ಗಾಡಿ ನಿಲ್ಲಿಸೋಕೆ ಪರದಾಟ. ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ 556 ಕಾರು, 445 ಬೈಕ್ ಹಿಡಿಸುವ ಕಟ್ಟಡ 2024ರ ಜೂನ್‌ನಲ್ಲಿ ತೆರೆಯಿತು. ಶುರುವಿನಲ್ಲಿ ಜಾಗ ಖಾಲಿ ಹೊಡೆಯುತ್ತಿತ್ತು. ಯಾಕೆ? ಪಕ್ಕದ ಬೀದಿಯಲ್ಲಿ ಪುಕ್ಕಟೆ ನಿಲ್ಲಿಸಬಹುದು, ದುಡ್ಡು ಕೊಟ್ಟು ಮೇಲೆ ಹತ್ತಿಸುವವರು ಯಾರು?

ಇನ್ನೊಂದು. ನಿಮ್ಮಲ್ಲಿ ಬೈಯೋಕಾದರೂ ಸದಸ್ಯರು ಇದ್ದಾರೆ. ಮೈಸೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು, ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲೇ. ಆಮೇಲೆ ಸಕಾಲಕ್ಕೆ ಚುನಾವಣೆ ಆಗಲಿಲ್ಲ. ಅಧಿಕಾರಿಗಳೇ ತೀರ್ಮಾನ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂರುವುದಕ್ಕೆ ಸಭೆಯೇ ಇರುವುದಿಲ್ಲ. ನಿಮ್ಮ ವಾರ್ಡಿನ ಸದಸ್ಯರು ಇರುವಾಗಲೇ ಹೋಗಿ ಮಾತಾಡಿ.

ಕಿರಾಣಿ ಗಲ್ಲಾ

ನಿನ್ನೆ ಸಂಜೆ ನಮ್ಮ ಬೀದಿಯ ಅಂಗಡಿಯವರು ಒಂಬತ್ತು ಜನ ಕೂತು ಮಾತಾಡಿದೆವು. ಎಲ್ಲರೂ ಒಪ್ಪಲಿಲ್ಲ, ಇಬ್ಬರು ಎದ್ದು ಹೋದರು. ಉಳಿದವರ ಮಾತು ಇದು. ಮೊದಲ ಅರ್ಧ ಗಂಟೆ ಎಲ್ಲ ಗಾಡಿಗೂ ಉಚಿತ ಬಿಟ್ಟರೆ ನಮಗೆ ತಕರಾರಿಲ್ಲ. ಗಿರಾಕಿ ಅಷ್ಟರಲ್ಲಿ ಹೋಗಿರುತ್ತಾನೆ. ದಿನವಿಡೀ ನಿಲ್ಲುವ ನಮ್ಮ ಗಾಡಿಗಳನ್ನು ಹಳೇ ಸಂತೆ ಮೈದಾನದಲ್ಲಿ ನಿಲ್ಲಿಸುತ್ತೇವೆ, ನೆರಳು ಮಾಡಿಕೊಡಲಿ, ತಿಂಗಳಿಗೆ ಇಷ್ಟು ಅಂತ ಕಟ್ಟುತ್ತೇವೆ. ಬೆಳಗ್ಗೆ ಲೋಡ್ ಗಾಡಿಗೆ ಜಾಗ ಬೇಕೇ ಬೇಕು.

ಆದರೆ ನಂಬರ್ ಇಲ್ಲದ ಚೀಟಿ ಇನ್ನೊಂದು ಸಲ ಹರಿದರೆ ನಾವು ಯಾರೂ ಒಪ್ಪುವುದಿಲ್ಲ. ದರದ ಬೋರ್ಡು ಕನ್ನಡದಲ್ಲಿ ಎರಡೂ ತುದಿಯಲ್ಲಿ ಹಾಕಬೇಕು. ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಅಂತ ಬರೆದಿರಬೇಕು. ಪ್ರತಿ ತಿಂಗಳು ಎಷ್ಟು ಬಂತು, ಯಾವ ಕೆಲಸಕ್ಕೆ ಹೋಯಿತು ಅಂತ ಪುರಸಭೆ ಗೋಡೆಗೆ ಅಂಟಿಸಬೇಕು. ಆ ಗುಲಾಬಿ ಚೀಟಿ ಕೊಡುತ್ತೇನೆ, ಅರ್ಜಿಗೆ ಪಿನ್ ಮಾಡಿ.

ಸಂತೆಮಾಳ

ಅಣ್ಣ, ಅಷ್ಟು ಬಂದರೆ ಮೈದಾನದ ಆ ಮೂಲೆಯಲ್ಲಿ ಸಂತೆಯವರಿಗೂ ಒಂದು ನೀರಿನ ನಲ್ಲಿ, ಹೆಂಗಸರಿಗೆ ಒಂದು ಶೌಚಾಲಯ ಕೇಳಿ. ನೆಲವಳಿ ಕಟ್ಟುವವರು ಅದನ್ನೂ ಕೇಳಿ ಕೇಳಿ ಸಾಕಾಗಿದೆ.

ಕಿರಾಣಿ ಗಲ್ಲಾ

ಹಾಕೋಣ ತಂಗಿ. ಅದು ನಮಗೂ ಬೇಕು.

ಮಾಹಿತಿ ಹಕ್ಕು

ಅರ್ಜಿ ಕೊಡುವ ದಿನವೇ ಇನ್ನೊಂದು ಹಾಳೆಯನ್ನೂ ಕೊಡಿ, ಮಾಹಿತಿ ಹಕ್ಕಿನದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬಹುದು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಎರಡು ಬೇರೆ ಬೇರೆ ಅರ್ಜಿ ಹಾಕಿ. ಒಂದರಲ್ಲಿ ಹೋದ ಮೂರು ವರ್ಷ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದ್ದೀರಿ, ಬಾಕಿ ಎಷ್ಟು. ಇನ್ನೊಂದರಲ್ಲಿ ಹಿಂದಿನ ಪಾರ್ಕಿಂಗ್ ಗುತ್ತಿಗೆಯ ಆದೇಶದ ನಕಲು, ಪುರಸಭೆಗೆ ಬಂದ ದುಡ್ಡು. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. 30 ದಿನದೊಳಗೆ ಕೊಡಬೇಕು.

ಸಾರ್ವಜನಿಕ ಮಾಹಿತಿ ಅಧಿಕಾರಿ ಅಂತಲೇ ವಿಳಾಸ ಬರೆಯಿರಿ, ವ್ಯಕ್ತಿಯ ಹೆಸರು ಬೇಡ.

ಸೈಬರ್ ಅಂಗಡಿ

ಮೂರೂ ಅರ್ಜಿ ನಾನು ಟೈಪ್ ಮಾಡಿ ಪ್ರಿಂಟ್ ತೆಗೆದುಕೊಡುತ್ತೇನೆ. ದುಡ್ಡು ಬೇಡ. ಕೊಠಡಿ ತೆರೆದರೆ ವಾರಕ್ಕೆ ಒಂದು ದಿನ, ಭಾನುವಾರ ಬೆಳಗ್ಗೆ, ನಾನು ಬಂದು ಕೂತು ಹೇಳಿಕೊಡುತ್ತೇನೆ ಅಂತಲೂ ಬರೆಯಿರಿ. ಎನ್‌ವಿಡಿಎ ನಾನೇ ಹಾಕಿಕೊಡುತ್ತೇನೆ.

ಪಿಯುಸಿ ಅಕ್ಕ

ನಾನೂ ಬರುತ್ತೇನೆ ಅಣ್ಣ. ಈ ವರ್ಷ ನನ್ನ ತಮ್ಮನ ಆಪ್ಷನ್ ಎಂಟ್ರಿ ಇದೆ. ಅವನ ಕ್ಲಾಸಿನವರಿಗೆಲ್ಲ ಕ್ರಮ ಹೇಗೆ ಜೋಡಿಸಬೇಕು ಅಂತ ನಾನು ಹೇಳಿಕೊಡಬಲ್ಲೆ.

ಕೋಟೆಬೀದಿ

ಸರಿ. ಸೋಮವಾರ ಬೆಳಗ್ಗೆ ಹತ್ತೂವರೆಗೆ ಪುರಸಭೆ ಮುಂದಿನ ಅರಳಿಕಟ್ಟೆ ಹತ್ತಿರ ಸೇರೋಣ. ಟೆಂಪೋ ಸ್ಟ್ಯಾಂಡಿನವರು ಇಬ್ಬರಾದರೂ ಬನ್ನಿ. ಪುಸ್ತಕದ ಮನೆ ಸಾರ್, ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲು ಎಲ್ಲಿದೆ ಅಂತ ತೋರಿಸುವುದಕ್ಕೆ ನೀವು ಇರಲೇಬೇಕು. ಎಲ್ಲರೂ ನಿಮ್ಮ ನಿಮ್ಮ ರಸೀದಿಯ ಜೆರಾಕ್ಸ್ ತನ್ನಿ. ಸಹಿ ಹಾಕಿದ ಮೇಲೆ ಮುಖ್ಯಾಧಿಕಾರಿಗಳ ಕೈಗೆ ಒಂದು ಪ್ರತಿ, ಅಧ್ಯಕ್ಷರ ಕೈಗೆ ಒಂದು ಪ್ರತಿ.

ಮಾಹಿತಿ ಹಕ್ಕು

ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಟಪಾಲು ವಿಭಾಗ ಒಂದೂವರೆಗೆ ಊಟಕ್ಕೆ ಏಳುತ್ತದೆ.